ಪಿಸಿಎಂಬಿ ಓದಿದವರು ವಿಮಾನದ ಮೇಂಟೆನೆನ್ಸ್‌ಗೆ ಬರುವುದು ಹೇಗೆ?

ನೀಟ್ ರಿಸಲ್ಟ್ ಬಂದ ವಾರ ನನಗೆ ಒಂದಾದರೂ ಫೋನ್ ಬರುತ್ತದೆ. ಒಂದು ವರ್ಷ ಚಿಕ್ಕಮ್ಮನ ಮಗಳು ಮಾಡುತ್ತಾಳೆ, ಇನ್ನೊಂದು ವರ್ಷ ಊರಿನ ಮೇಷ್ಟ್ರು ಮಾಡುತ್ತಾರೆ. ಮಾತು ಮಾತ್ರ ಹೆಚ್ಚುಕಮ್ಮಿ ಒಂದೇ. "ಅಣ್ಣಾ, ಇವನು ಡಾಕ್ಟರ್ ಆಗ್ತೀನಿ ಅಂತ ಪಿಸಿಎಂಬಿ ತಗೊಂಡ. ಸೀಟ್ ಸಿಗಲಿಲ್ಲ. ಈಗ ವಿಮಾನ ರಿಪೇರಿ ಕಲೀತೀನಿ ಅಂತ ಕೂತಿದ್ದಾನೆ. ಎರಡು ವರ್ಷ ಬಯಾಲಜಿ ಓದಿದ್ದು ಸುಮ್ನೆ ಹೋಯ್ತಲ್ವಾ?"

ಹೋಗಲಿಲ್ಲ. ನಾನೂ ಪಿಸಿಎಂಬಿಯವನೇ. ಹ್ಯಾಂಗರ್‌ಗೆ, ಅಂದರೆ ವಿಮಾನ ನಿಲ್ಲಿಸಿ ರಿಪೇರಿ ಮಾಡುವ ದೊಡ್ಡ ಶೆಡ್ಡಿಗೆ, ಸೇರಿದ ಹೊಸತರಲ್ಲಿ ಒಂದು ಬೆಳಿಗ್ಗೆ ಸೀನಿಯರ್ ಒಬ್ಬರು ಗಾಜಿನ ಜಾಡಿಯೊಂದನ್ನು ನನ್ನ ಕೈಗೆ ಕೊಟ್ಟರು. ರೆಕ್ಕೆಯೊಳಗಿನ ಟ್ಯಾಂಕಿನ ತಳದಿಂದ ಬಿಟ್ಟುಕೊಂಡ ಇಂಧನ ಅದು. ಮೇಲೆ ತಿಳಿಯಾದ ಸೀಮೆಎಣ್ಣೆ, ಕೆಳಗೆ ಒಂದಿಷ್ಟು ನೀರು, ಎರಡರ ನಡುವೆ ಕಂದು ಬಣ್ಣದ ಲೋಳೆ. "ಏನಿದು ಹೇಳು" ಅಂದರು. ಜೊತೆಗಿದ್ದವರು ತುಕ್ಕು ಅಂದರು, ಕೊಳೆ ಅಂದರು, ಸೀಲೆಂಟ್ ಅಂದರು. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದರೆ ಏನಾಗುತ್ತದೆ ಅಂತ ಗೊತ್ತಿದ್ದ ನಾನು "ಬೂಷ್ಟು" ಅಂದೆ. ಸರಿಯಾಗಿತ್ತು. ಜಾಡಿಯ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ದಾರಿ ಹೇಳಿಬಿಡುತ್ತೇನೆ.

ಮೊದಲು ಮಾರ್ಕ್ಸ್ ಕಾರ್ಡ್ ನೋಡಿ, ಆಮೇಲೆ ಕಣ್ಣು

ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರಿಂಗ್ ಕೋರ್ಸಿಗೆ, ಎಲ್ಲರೂ ಎಎಂಇ ಅನ್ನುವ ಕೋರ್ಸಿಗೆ, ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಮೂರೂ ಇರಬೇಕು. ಪಿಸಿಎಂಬಿಯವರಿಗೆ ಮೂರೂ ಇವೆ, ತೊಂದರೆಯಿಲ್ಲ. ಮ್ಯಾಥ್ಸ್ ಬಿಟ್ಟು ಬಯಾಲಜಿ ಜೊತೆ ಬೇರೆ ವಿಷಯ ತಗೊಂಡವರಿಗೆ ಇಲ್ಲೇ ಬಾಗಿಲು ಮುಚ್ಚುತ್ತದೆ. "ಅಡ್ಮಿಷನ್ ಆಗಲಿ, ಆಮೇಲೆ ನೋಡ್ಕೊಳ್ಳೋಣ" ಅಂತ ಯಾವುದಾದರೂ ಕಾಲೇಜಿನವರು ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕೋರ್ಸ್ ಮುಗಿದ ಮೇಲೆ ಲೈಸೆನ್ಸ್ ಕೊಡುವುದು ಕಾಲೇಜಲ್ಲ, ಸರ್ಕಾರ. ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರಿಗೂ ದಾರಿ ಇದೆ.

ಇನ್ನೊಂದು ಕೆಲಸ ಫೀಸ್ ಕಟ್ಟುವ ಮೊದಲೇ ಮಾಡಿ. ಹತ್ತಿರದ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಣ್ಣ ಗುರುತಿಸುವ ಪರೀಕ್ಷೆ ಮಾಡಿಸಿ. ಚುಕ್ಕೆಗಳ ನಡುವೆ ಅಂಕಿ ಓದುವ ಪುಸ್ತಕವಿದೆಯಲ್ಲ, ಅದು. ಹತ್ತು ನಿಮಿಷದ ಕೆಲಸ. ದ್ವಿತೀಯ ಪಿಯುಸಿ ಬಯಾಲಜಿಯಲ್ಲಿ ಎಕ್ಸ್ ಕ್ರೋಮೋಸೋಮ್ ಜೊತೆ ಬರುವ ಬಣ್ಣಗುರುಡಿನ ಬಗ್ಗೆ ಓದಿರುತ್ತೀರಿ. ಗಂಡುಮಕ್ಕಳಲ್ಲಿ ಜಾಸ್ತಿ, ತಾಯಿಯ ಕಡೆಯಿಂದ ಬರುತ್ತದೆ, ಎಷ್ಟೋ ಜನರಿಗೆ ತಮಗೆ ಇದೆ ಅಂತಲೇ ಗೊತ್ತಿರುವುದಿಲ್ಲ. ವೈರುಗಳು, ದೀಪಗಳು, ಪೈಪಿನ ಮೇಲಿನ ಪಟ್ಟಿಗಳು, ಎಲ್ಲಾ ಬಣ್ಣದ ಮೇಲೆ ನಿಂತಿರುವ ಕೆಲಸ ಇದು. ಎರಡು ವರ್ಷ ಓದಿ ಕೆಲಸಕ್ಕೆ ಸೇರುವಾಗಿನ ಮೆಡಿಕಲ್‌ನಲ್ಲಿ ಗೊತ್ತಾದರೆ ಆ ಹುಡುಗನ ಗತಿ ಏನು? ಕನ್ನಡಕ ಇದ್ದರೆ ಮಾತ್ರ ಭಯ ಬೇಡ.

ಇದು ಡಿಗ್ರಿ ಅಲ್ಲ, ಲೈಸೆನ್ಸ್

ಹತ್ತರಲ್ಲಿ ಎಂಟು ಜನ ಇಲ್ಲೇ ಎಡವುತ್ತಾರೆ. ಏರೋನಾಟಿಕಲ್ ಎಂಜಿನಿಯರಿಂಗ್ ಅಂತ ಬಿಇ ಇದೆ. ಅದು ವಿಮಾನದ ವಿನ್ಯಾಸಕ್ಕೆ ಹತ್ತಿರದ ಓದು. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ ಎಚ್‌ಎಎಲ್, 1959ರಲ್ಲಿ ಶುರುವಾದ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಎರಡೂ ಬೆಂಗಳೂರಿನಲ್ಲಿ ಇರುವುದರಿಂದ ನಮ್ಮ ಕಡೆ ವಿಮಾನ ಅಂದ ಕೂಡಲೇ ಜನರಿಗೆ ಅದೇ ನೆನಪಾಗುತ್ತದೆ. ಆ ಡಿಗ್ರಿ ಇಟ್ಟುಕೊಂಡು ನೀವು ನೇರವಾಗಿ "ಈ ವಿಮಾನ ಹಾರಲು ಸರಿಯಾಗಿದೆ" ಅಂತ ಸಹಿ ಹಾಕುವಂತಿಲ್ಲ. ಆ ಸಹಿಗೆ ಬೇಕಾದದ್ದು ಡಿಜಿಸಿಎ ಕೊಡುವ ಎಎಂಇ ಲೈಸೆನ್ಸ್. ಡಿಜಿಸಿಎ ಅಂದರೆ ದೆಹಲಿಯಲ್ಲಿ ಮುಖ್ಯ ಕಚೇರಿ ಇರುವ ನಾಗರಿಕ ವಿಮಾನಯಾನದ ನಿರ್ದೇಶನಾಲಯ.

ಲೈಸೆನ್ಸಿನ ನಿಯಮದ ಹೆಸರು ಕಾರ್-66 (CAR, ಅಂದರೆ ಸಿವಿಲ್ ಏವಿಯೇಷನ್ ರಿಕ್ವೈರ್‌ಮೆಂಟ್ಸ್). ಕಲಿಸುವ ಸಂಸ್ಥೆಯ ನಿಯಮ ಕಾರ್-147. ಈ ಎರಡು ಹೆಸರು ನೆನಪಿಟ್ಟುಕೊಂಡರೆ ಅರ್ಧ ಮೋಸದಿಂದ ಪಾರಾಗುತ್ತೀರಿ.

ಲೈಸೆನ್ಸಿನಲ್ಲಿ ವಿಭಾಗಗಳಿವೆ. ಬಿ1.1 ಅಂದರೆ ಟರ್ಬೈನ್ ಎಂಜಿನ್ ಇರುವ ವಿಮಾನದ ಮೆಕ್ಯಾನಿಕಲ್ ಕೆಲಸ, ಅಂದರೆ ಎಂಜಿನ್, ಗಾಲಿ, ಬ್ರೇಕ್, ಹೈಡ್ರಾಲಿಕ್, ಬಾಡಿ. ಬಿ1.2 ಪಿಸ್ಟನ್ ಎಂಜಿನಿನ ಸಣ್ಣ ವಿಮಾನಗಳಿಗೆ. ಬೆಂಗಳೂರಿನ ಜಕ್ಕೂರಿನಲ್ಲಿ ತರಬೇತಿಗೆ ಹಾರುತ್ತವಲ್ಲ, ಆ ಥರದವು. ಬಿ1.3 ಮತ್ತು ಬಿ1.4 ಹೆಲಿಕಾಪ್ಟರಿಗೆ. ಬಿ2 ಏವಿಯಾನಿಕ್ಸ್, ಅಂದರೆ ವೈರಿಂಗ್, ರೇಡಿಯೋ, ಆಟೊಪೈಲಟ್, ಕಾಕ್‌ಪಿಟ್ಟಿನ ಪರದೆಗಳು. ಕೈಗೆ ಗ್ರೀಸ್ ಹತ್ತಿದರೆ ಖುಷಿ ಪಡುವವರು ಬಿ1.1ಗೆ ಹೋಗಿ. ಮನೆಯಲ್ಲಿ ಮಿಕ್ಸಿ ಕೆಟ್ಟಾಗ ಮೋಟರ್ ಬಿಟ್ಟು ಸರ್ಕ್ಯೂಟಿನ ಕಡೆ ಕೈ ಹೋಗುವವರು ಬಿ2 ನೋಡಿ. ಎರಡಕ್ಕೂ ಕೆಲಸವಿದೆ. ಯಾವುದು "ದೊಡ್ಡದು" ಅನ್ನುವ ಚರ್ಚೆ ಹ್ಯಾಂಗರ್‌ನಲ್ಲಿ ಚಹಾದ ಹೊತ್ತಿಗೆ ನಡೆಯುತ್ತದೆ, ಅಲ್ಲೇ ಮುಗಿಯುತ್ತದೆ.

ಕಾಲೇಜು ಆರಿಸುವಾಗ

ಡಿಜಿಸಿಎ ವೆಬ್‌ಸೈಟಿನಲ್ಲಿ ಕಾರ್-147 ಅನುಮತಿ ಇರುವ ಸಂಸ್ಥೆಗಳ ಪಟ್ಟಿ ಇದೆ. ಅದನ್ನು ನೀವೇ ತೆರೆದು ನೋಡಿ. ಕಾಲೇಜಿನವರು ಕೊಟ್ಟ ಬ್ರೋಷರ್ ನಂಬಬೇಡಿ. ಪಟ್ಟಿಯಲ್ಲಿ ಹೆಸರು ಇದ್ದರೆ ಸಾಲದು, ನಿಮಗೆ ಬೇಕಾದ ವಿಭಾಗಕ್ಕೆ ಅನುಮತಿ ಇದೆಯಾ, ಅದರ ಅವಧಿ ಮುಗಿದಿಲ್ಲವಾ ನೋಡಿ. ಒಂದು ಕಾಲೇಜಿಗೆ ಬಿ1.1 ಇದ್ದು ಬಿ2 ಇಲ್ಲದಿರಬಹುದು.

ಆಮೇಲೆ ಖುದ್ದಾಗಿ ಹೋಗಿ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರು ಕೇಳುವ ಪ್ರಶ್ನೆಗಳು ನಿಮಗಿಂತ ಚೆನ್ನಾಗಿರುತ್ತವೆ. ರಿಸೆಪ್ಷನ್ ಸೋಫಾದಲ್ಲಿ ಕೂತು ಎದ್ದು ಬರಬೇಡಿ. ವರ್ಕ್‌ಶಾಪ್ ತೋರಿಸಿ ಅನ್ನಿ. ಅಲ್ಲಿರುವ ವಿಮಾನದ ಎಂಜಿನ್ ಸ್ಟಾರ್ಟ್ ಆಗುತ್ತದೆಯಾ, ಕಡೆಯ ಸಲ ಯಾವಾಗ ಸ್ಟಾರ್ಟ್ ಮಾಡಿದ್ದರು ಕೇಳಿ. ಟೂಲ್ ಬೋರ್ಡಿನ ಮೇಲೆ ಸ್ಪ್ಯಾನರುಗಳು ಜಾಗದಲ್ಲಿವೆಯಾ, ಅದರ ಮೇಲೆ ಧೂಳು ಇದೆಯಾ ನೋಡಿ. ಜಾಗ ಖಾಲಿ ಇದ್ದು ಅಲ್ಲಿ ಯಾರು ತಗೊಂಡಿದ್ದಾರೆ ಅನ್ನುವ ಟೋಕನ್ ಇದ್ದರೆ ಒಳ್ಳೆಯ ಲಕ್ಷಣ, ಬಳಕೆಯಲ್ಲಿದೆ ಅಂತ ಅರ್ಥ. ಎಲ್ಲಾ ಹೊಳೆಯುತ್ತಾ ಇದ್ದರೆ ಅನುಮಾನ ಪಡಿ.

ಬಿ1.1 ಮತ್ತು ಬಿ2 ಕೋರ್ಸ್ ಎರಡೂ 2400 ಗಂಟೆಯದು. ಅದರಲ್ಲಿ ದೊಡ್ಡ ಪಾಲು ಪ್ರಾಕ್ಟಿಕಲ್. ಒಂದಿಷ್ಟು ಭಾಗ ನಿಜವಾಗಿ ಕೆಲಸ ನಡೆಯುವ ಹ್ಯಾಂಗರ್‌ನಲ್ಲಿ ಆಗಬೇಕು. ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದು: ಆ ಹ್ಯಾಂಗರ್ ತರಬೇತಿ ಯಾವ ಸಂಸ್ಥೆಯಲ್ಲಿ, ಒಪ್ಪಂದ ಕಾಗದದ ಮೇಲೆ ಇದೆಯಾ, ಅದರ ಫೀಸ್ ಬೇರೆಯಾ? ನನ್ನ ಗೆಳೆಯನೊಬ್ಬ ಸೇರಿದ ಕಡೆ ಇದನ್ನು ಬಾಯಿಮಾತಿನಲ್ಲಿ ಹೇಳಿದ್ದರು. ಸಮಯ ಬಂದಾಗ "ನೀವೇ ಹುಡುಕಿಕೊಳ್ಳಿ" ಅಂದರು. ಪಾಪ, ಒಂಬತ್ತು ತಿಂಗಳು ಮನೆಯಲ್ಲಿ ಕೂತ.

ಕೊನೆಯ ವರ್ಷದ ಹುಡುಗರನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ. "ಎಷ್ಟು ಮಾಡ್ಯೂಲ್ ಪಾಸ್ ಮಾಡಿದ್ದೀರಾ?" ಅಂತ ಕೇಳಿ. ಮಾಡ್ಯೂಲ್ ಅಂದರೆ ಲೈಸೆನ್ಸ್ ಪರೀಕ್ಷೆಯ ಒಂದೊಂದು ವಿಷಯ. ಪ್ರಿನ್ಸಿಪಾಲರಿಗಿಂತ ಸತ್ಯ ಅವರು ಹೇಳುತ್ತಾರೆ.

ಕೆಲವು ಕಡೆ ಎಎಂಇ ಜೊತೆಗೆ ಬಿಎಸ್ಸಿ ಡಿಗ್ರಿಯನ್ನೂ ಸೇರಿಸಿ ಕೊಡುತ್ತಾರೆ. ಮುಂದೆ ಎಂಬಿಎ ಮಾಡುವವರಿಗೆ, ಸರ್ಕಾರಿ ಪರೀಕ್ಷೆ ಬರೆಯುವವರಿಗೆ ಡಿಗ್ರಿ ಬೇಕಾಗುತ್ತದೆ, ನಿಜ. ಅದಕ್ಕೆಂದು ಲೈಸೆನ್ಸಿನ ಅನುಮತಿ ಇಲ್ಲದ ಕಡೆ ಸೇರಬೇಡಿ, ಅಷ್ಟೇ.

ಮಾಡ್ಯೂಲ್‌ಗಳು ಮತ್ತು ಪರೀಕ್ಷೆ

ಇಲ್ಲಿ ಸೆಮಿಸ್ಟರ್ ಲೆಕ್ಕಕ್ಕಿಂತ ಮಾಡ್ಯೂಲ್ ಲೆಕ್ಕ ಮುಖ್ಯ. ಮೂರನೆಯದು ಎಲೆಕ್ಟ್ರಿಕಲ್, ನಾಲ್ಕನೆಯದು ಎಲೆಕ್ಟ್ರಾನಿಕ್ಸ್, ಆರು ಲೋಹ ಮತ್ತು ಹಾರ್ಡ್‌ವೇರ್, ಏಳು ಮೇಂಟೆನೆನ್ಸ್ ಮಾಡುವ ಕ್ರಮ, ಎಂಟು ಏರೋಡೈನಮಿಕ್ಸ್, ಒಂಬತ್ತು ಹ್ಯೂಮನ್ ಫ್ಯಾಕ್ಟರ್ಸ್, ಹತ್ತು ಕಾನೂನು. ಬಿ1.1 ಆದರೆ ಹನ್ನೊಂದು, ಹದಿನೈದು, ಹದಿನೇಳು ಸೇರುತ್ತವೆ: ವಿಮಾನದ ಸಿಸ್ಟಮ್‌ಗಳು, ಗ್ಯಾಸ್ ಟರ್ಬೈನ್, ಪ್ರೊಪೆಲ್ಲರ್. ಬಿ2ಗೆ ಹದಿಮೂರು ಮತ್ತು ಹದಿನಾಲ್ಕು.

ಪಾಸಾಗಲು ಶೇ 75 ಬೇಕು. ಹೌದು, ಎಪ್ಪತ್ತೈದು. ಪಿಯುಸಿಯಲ್ಲಿ ಮೂವತ್ತೈದಕ್ಕೆ ನಿಟ್ಟುಸಿರು ಬಿಟ್ಟವರಿಗೆ ಇದು ಮೊದಲ ಏಟು. ನಾಲ್ಕರಲ್ಲಿ ಒಂದು ಬೋಲ್ಟ್ ತಪ್ಪಾಗಿ ಹಾಕಿದವನನ್ನು ಹಾರಲು ಬಿಡುತ್ತೀರಾ ಅಂತ ಕೇಳಿದರೆ 75 ಕೂಡ ಕಡಿಮೆ ಅನ್ನಿಸುತ್ತದೆ. ಪರೀಕ್ಷೆಗೆ ಡಿಜಿಸಿಎಯ ಪರೀಕ್ಷಾ ಪೋರ್ಟಲ್‌ನಲ್ಲಿ ನೋಂದಣಿ ಮಾಡಬೇಕು. ಪೋರ್ಟಲ್ಲಿನ ಹೆಸರೇ "ಪರೀಕ್ಷಾ". ಆಧಾರ್, ಎಸ್ಸೆಸ್ಸೆಲ್ಸಿ ಕಾರ್ಡು, ಪಿಯುಸಿ ಕಾರ್ಡು ಮೂರರಲ್ಲೂ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ಈಗಲೇ ನೋಡಿಕೊಳ್ಳಿ. ನಮ್ಮ ಕಡೆ ಇನಿಷಿಯಲ್ ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಒಂದು ಕಡೆ ಬಿಡಿಸಿ ಬರೆದಿರುತ್ತದೆ. ಇದನ್ನು ಸರಿಮಾಡಿಸಲು ಓಡಾಡಿದ ದಿನಗಳಲ್ಲಿ ಎರಡು ಮಾಡ್ಯೂಲ್ ಓದಬಹುದಿತ್ತು.

ಪಿಸಿಎಂಬಿಯವರಿಗೆ ಕಷ್ಟ ಅನ್ನಿಸುವುದು ಮೂರು ಮತ್ತು ನಾಲ್ಕನೇ ಮಾಡ್ಯೂಲ್. ಪಿಯುಸಿಯಲ್ಲಿ ಕರೆಂಟಿನ ಪಾಠವನ್ನು ಓದಿದ್ದೇವೆ ಅಂದುಕೊಂಡು ಬಿಟ್ಟಿರುತ್ತೇವೆ. ಮೊದಲ ತಿಂಗಳಿನಿಂದಲೇ ಇದಕ್ಕೆ ದಿನಕ್ಕೊಂದು ಗಂಟೆ ಕೊಡಿ. ಸುಲಭದ್ದನ್ನು ಮೊದಲು ಬರೆದು ಕಷ್ಟದ್ದನ್ನು ಕೊನೆಗೆ ಉಳಿಸಿಕೊಂಡವರನ್ನು ನಾನು ಬಹಳ ನೋಡಿದ್ದೇನೆ. ಕೊನೆಗೆ ಉಳಿದದ್ದು ಹಾಗೇ ಉಳಿಯುತ್ತದೆ.

ಕಾನೂನಿನ ಮಾಡ್ಯೂಲಿಗೆ ಸೀನಿಯರ್‌ಗಳ ಹಳೇ ನೋಟ್ಸ್ ಅಪಾಯ. 1934ರ ಏರ್‌ಕ್ರಾಫ್ಟ್ ಆ್ಯಕ್ಟ್ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ, 2024 ಬಂದಿದೆ. 2025ರ ಜನವರಿ 1ರಿಂದ ಜಾರಿಯಲ್ಲಿದೆ. ಹಳೇ ಜೆರಾಕ್ಸ್ ಓದಿ ಹೋದರೆ ಮೊದಲ ಪ್ರಶ್ನೆಗೇ ತಪ್ಪು.

ಬಯಾಲಜಿ ಪುಸ್ತಕ ರದ್ದಿಗೆ ಹಾಕಬೇಡಿ

ಒಂಬತ್ತನೇ ಮಾಡ್ಯೂಲನ್ನು ಹುಡುಗರು "ಕಥೆ ಮಾಡ್ಯೂಲ್" ಅನ್ನುತ್ತಾರೆ. ಲೆಕ್ಕ ಇಲ್ಲ, ಸರ್ಕ್ಯೂಟ್ ಇಲ್ಲ, ಹಿಂದಿನ ದಿನ ಓದಿದರೆ ಸಾಕು ಅಂತ ನಂಬಿಕೆ. ಮನುಷ್ಯ ಯಾಕೆ ತಪ್ಪು ಮಾಡುತ್ತಾನೆ ಅನ್ನುವುದು ಅದರ ವಿಷಯ. ಕಣ್ಣು, ಕಿವಿ, ನೆನಪು, ನಿದ್ದೆ, ದಣಿವು. ಅಪ್ಪಟ ಬಯಾಲಜಿ.

1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನವೊಂದರ ಕಾಕ್‌ಪಿಟ್ ಗಾಜು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ಎಳೆದುಹೋದರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಕೋ-ಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಯಾರೂ ಸಾಯಲಿಲ್ಲ, ಕ್ಯಾಪ್ಟನ್ ಕೂಡ ಬದುಕಿದರು. ಹಾರುವ ಮೊದಲು ಆ ಗಾಜನ್ನು ಹೊಸದಾಗಿ ಕೂರಿಸಿದ್ದರು. ಅದಕ್ಕೆ 90 ಬೋಲ್ಟ್. ಅದರಲ್ಲಿ 84 ಬೋಲ್ಟುಗಳ ದಪ್ಪ ಬೇಕಾದ್ದಕ್ಕಿಂತ ಕಡಿಮೆ. ಎಷ್ಟು ಕಡಿಮೆ? ಮುಕ್ಕಾಲು ಮಿಲಿಮೀಟರೂ ಇಲ್ಲ.

ಕೆಲಸ ಮಾಡಿದವರು ಅನುಭವಿ. ಆ ಶಿಫ್ಟಿನ ಮುಖ್ಯಸ್ಥರೇ ಅವರು. ಜನ ಕಡಿಮೆ ಇದ್ದರು ಅಂತ ತಾವೇ ಕೈ ಹಾಕಿದರು. ಹಳೇ ಬೋಲ್ಟನ್ನು ಕೈಯಲ್ಲಿ ಹಿಡಿದು, ಹೊಸದರ ಜೊತೆ ಕಣ್ಣಳತೆಯಲ್ಲಿ ಹೋಲಿಸಿ ಆರಿಸಿದರು. ಸಮಯ ಬೆಳಗಿನ ಜಾವ ಮೂರರಿಂದ ಐದು. ಬೋಲ್ಟು ಇಟ್ಟಿದ್ದ ಜಾಗದಲ್ಲಿ ಬೆಳಕು ಸಾಲದು. ಓದಲು ಹಾಕಿಕೊಳ್ಳುವ ಕನ್ನಡಕ ಅವರ ಕಣ್ಣ ಮೇಲೆ ಇರಲಿಲ್ಲ.

ಈಗ ಇದನ್ನು ಬಯಾಲಜಿಯವರಾಗಿ ಓದಿ. ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಕಡಿಮೆ ಬೆಳಕಿನಲ್ಲಿ ಕೋನ್ ಕೋಶಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಸಣ್ಣ ವ್ಯತ್ಯಾಸ ಕಾಣುವುದಿಲ್ಲ. ಬೆಳಗಿನ ಜಾವ ಮೈಯ ಶಾಖ ಕೆಳಮಟ್ಟದಲ್ಲಿರುತ್ತದೆ, ಒಳಗಿನ ಗಡಿಯಾರ "ಮಲಗು" ಅನ್ನುತ್ತಿರುತ್ತದೆ. ಮೂರೂ ಒಟ್ಟಿಗೆ ಬಂದಾಗ ಒಳ್ಳೆಯ ಎಂಜಿನಿಯರ್ ಕೂಡ ತಪ್ಪು ಬೋಲ್ಟ್ ಎತ್ತಿಕೊಳ್ಳುತ್ತಾನೆ. ಇದನ್ನು ಅರ್ಥ ಮಾಡಿಕೊಂಡವರು ರಾತ್ರಿ ಶಿಫ್ಟಿನಲ್ಲಿ ಏನು ಮಾಡುತ್ತಾರೆ? ಕಣ್ಣಳತೆ ನಂಬುವುದಿಲ್ಲ. ಮ್ಯಾನುಯಲ್ ತೆಗೆದು ಪಾರ್ಟ್ ನಂಬರ್ ಓದುತ್ತಾರೆ. ಟಾರ್ಚ್ ಹಚ್ಚುತ್ತಾರೆ. ಮೂರು ಗಂಟೆಗೆ ಮಾಡಿದ ಕೆಲಸವನ್ನು ಇನ್ನೊಬ್ಬರ ಕೈಯಲ್ಲಿ ನೋಡಿಸುತ್ತಾರೆ. ನಾನಂತೂ ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತೇನೆ. ಹುಡುಗರು "ಮೇಷ್ಟ್ರು" ಅಂತ ನಗುತ್ತಾರೆ, ನಗಲಿ.

ಕಿವಿಯ ವಿಷಯವೂ ಹಾಗೇ. ಒಳಗಿವಿಯ ಕೂದಲು ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಎಂಜಿನ್ ಓಡುವಾಗ ಇಯರ್ ಡಿಫೆಂಡರ್ ಹಾಕದೆ ಶೂರತನ ತೋರಿಸಿದವರು ಐವತ್ತರಲ್ಲಿ ಹೆಂಡತಿಯ ಮಾತು ಕೇಳಿಸುತ್ತಿಲ್ಲ ಅನ್ನುತ್ತಾರೆ. ಅದರಲ್ಲಿ ಅರ್ಧ ಮಾತ್ರ ನೆಪ. ಚರ್ಮದ ಪಾಠವೂ ನೆನಪಿರಲಿ. ನೇರಳೆ ಬಣ್ಣದ ಹೈಡ್ರಾಲಿಕ್ ಎಣ್ಣೆ ಇದೆ, ಸ್ಕೈಡ್ರಾಲ್ ಅಂತ. ಮೈಗೆ ಬಿದ್ದರೆ ಉರಿ, ಕಣ್ಣಿಗೆ ಬಿದ್ದರೆ ಕೇಳಲೇಬೇಡಿ. ಗ್ಲೌಸ್ ಹಾಕಿ.

ಜಾಡಿಯ ಕಥೆ

ಜೆಟ್ ವಿಮಾನದ ಇಂಧನ ಒಂದು ಬಗೆಯ ಸೀಮೆಎಣ್ಣೆಯೇ. ಅದರಲ್ಲಿ ಸ್ವಲ್ಪ ನೀರು ಕರಗಿರುತ್ತದೆ. ಮೇಲೆ ಹಾರುವಾಗ ಇಂಧನ ತಣ್ಣಗಾಗಿ ಆ ನೀರು ಬೇರ್ಪಡುತ್ತದೆ. ಇಳಿಯುವಾಗ ಟ್ಯಾಂಕಿನೊಳಗೆ ತೇವದ ಗಾಳಿ ಬಂದು ತಣ್ಣನೆಯ ಲೋಹಕ್ಕೆ ತಾಗಿ ಹನಿಗಟ್ಟುತ್ತದೆ. ನೀರು ಭಾರ, ಹಾಗಾಗಿ ತಳಕ್ಕೆ ಇಳಿಯುತ್ತದೆ. ನೀರು ಮತ್ತು ಎಣ್ಣೆ ಕೂಡುವ ಗೆರೆಯಲ್ಲಿ ಶಿಲೀಂಧ್ರ ಮನೆ ಮಾಡುತ್ತದೆ. ಕುಡಿಯಲು ನೀರು, ತಿನ್ನಲು ಎಣ್ಣೆಯ ಹೈಡ್ರೋಕಾರ್ಬನ್. ಅಮಾರ್ಫೊಥಿಕಾ ರೆಸಿನೇ ಅನ್ನುವುದು ಇದರಲ್ಲಿ ಹೆಸರುವಾಸಿ. ಅದು ಬಿಡುವ ಆಮ್ಲ ಟ್ಯಾಂಕಿನ ಅಲ್ಯೂಮಿನಿಯಂ ತಿನ್ನುತ್ತದೆ, ಲೋಳೆ ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ, ಇಂಧನದ ಮಟ್ಟ ಅಳೆಯುವ ಪ್ರೋಬ್ ಸುಳ್ಳು ಹೇಳತೊಡಗುತ್ತದೆ. ಕರಾವಳಿಯಂಥ ಬೆಚ್ಚಗಿನ, ತೇವದ ಜಾಗಗಳಲ್ಲಿ ಇದರ ಕಾಟ ಜಾಸ್ತಿ.

ಮದ್ದು ಸರಳ: ಕ್ರಮ ತಪ್ಪದೆ ತಳದ ನೀರು ಬಿಡುವುದು. ಹೊಸಬರಿಗೆ ಬೇಸರ ತರಿಸುವ ಕೆಲಸ ಇದೇ, ಮಳೆಗಾಲದ ಬೆಳಿಗ್ಗೆ ರೆಕ್ಕೆಯ ಕೆಳಗೆ ಜಾಡಿ ಹಿಡಿದು ನಿಲ್ಲುವುದು. ಬೂಷ್ಟು ಬಂದೇಬಿಟ್ಟರೆ ಅದನ್ನು ಕೊಲ್ಲುವ ಬಯೋಸೈಡ್ ಹಾಕಬೇಕು. ಅಲ್ಲಿ ಲೆಕ್ಕ ಬರುತ್ತದೆ.

2020ರ ಫೆಬ್ರವರಿ 26ರಂದು ಲಂಡನ್ನಿನ ಗ್ಯಾಟ್‌ವಿಕ್‌ನಿಂದ ಹೊರಟ ಒಂದು ಏರ್‌ಬಸ್ ಎ321 ವಿಮಾನದ ಎರಡೂ ಎಂಜಿನ್‌ಗಳು ತೊಂದರೆ ಕೊಟ್ಟವು. ಹೇಗೋ ವಾಪಸ್ ಬಂದು ಇಳಿಯಿತು. ತನಿಖೆಯಲ್ಲಿ ಗೊತ್ತಾದದ್ದು: ಅದಕ್ಕೆ ಸ್ವಲ್ಪ ದಿನದ ಹಿಂದೆ ಟ್ಯಾಂಕಿಗೆ ಹಾಕಿದ ಬಯೋಸೈಡ್ ಹೇಳಿದ್ದಕ್ಕಿಂತ 38 ಪಟ್ಟು ಜಾಸ್ತಿ. ಪಿಪಿಎಂ ಲೆಕ್ಕದಲ್ಲಿ ಆದ ತಪ್ಪು.

ಆ ಲೆಕ್ಕ ಇಲ್ಲೇ ಮಾಡೋಣ. ಪಿಪಿಎಂ ಅಂದರೆ ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ. ಟ್ಯಾಂಕಿನಲ್ಲಿ 10,000 ಲೀಟರ್ ಇಂಧನ ಇದೆ, 100 ಪಿಪಿಎಂ ಹಾಕಬೇಕು ಅನ್ನಿ. 10,000ವನ್ನು 100ರಿಂದ ಗುಣಿಸಿ, 10,00,000ದಿಂದ ಭಾಗಿಸಿ. ಉತ್ತರ 1 ಲೀಟರ್. 38 ಪಟ್ಟು ಅಂದರೆ 38 ಲೀಟರ್. ಇನ್ನೊಂದು ಎಚ್ಚರ: ಮ್ಯಾನುಯಲ್‌ನಲ್ಲಿ ಹೇಳಿದ್ದು ಲೀಟರ್ ಅಳತೆಯ ಲೆಕ್ಕವಾ, ತೂಕದ ಲೆಕ್ಕವಾ ನೋಡಿ. ಒಂದು ಲೀಟರ್ ಜೆಟ್ ಇಂಧನ ಸುಮಾರು 0.8 ಕಿಲೋ ಮಾತ್ರ ತೂಗುತ್ತದೆ, ಎರಡೂ ಒಂದೇ ಅಲ್ಲ. ಕೆಮಿಸ್ಟ್ರಿ ಲ್ಯಾಬಿನಲ್ಲಿ ದ್ರಾವಣ ಮಾಡಿ ಬೈಸಿಕೊಂಡವರಿಗೆ ಈ ಲೆಕ್ಕ ಹೊಸದಲ್ಲ. ಉತ್ತರ ಬಂದ ಮೇಲೆ ಒಂದು ಕ್ಷಣ ನಿಂತು "ಇಷ್ಟು ಕ್ಯಾನ್ ಬೇಕಾಗುತ್ತಾ?" ಅಂತ ಕೇಳಿಕೊಳ್ಳಿ. ಬಯೋಸೈಡ್ ಅಂದರೆ ಜೀವ ಕೊಲ್ಲುವ ವಸ್ತು ಅನ್ನುವುದನ್ನೂ ಮರೆಯಬೇಡಿ. ಬರಿಗೈಯಲ್ಲಿ ಮುಟ್ಟುವಂಥದ್ದಲ್ಲ.

ಹುಳ, ಹಕ್ಕಿಗಳದೂ ಇದೇ ಪಾಠ. ಮನೆಯ ಕಿಟಕಿ ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುವ ಕುಂಬಾರ ಹುಳ ನೋಡಿದ್ದೀರಲ್ಲ, ಅದರ ಬಳಗದವಕ್ಕೆ ಪಿಟಾಟ್ ಟ್ಯೂಬ್ ಅಂದರೆ ಬಲು ಇಷ್ಟ. ವಿಮಾನದ ವೇಗ ಅಳೆಯಲು ಗಾಳಿ ಹಿಡಿಯುವ ಸಣ್ಣ ಕೊಳವೆ ಅದು. 1996ರ ಫೆಬ್ರವರಿ 6ರಂದು ಡೊಮಿನಿಕನ್ ರಿಪಬ್ಲಿಕ್‌ನಿಂದ ಹೊರಟ ಬೋಯಿಂಗ್ 757 ಒಂದು ಸಮುದ್ರಕ್ಕೆ ಬಿದ್ದು 189 ಜನ ತೀರಿಹೋದರು. ಒಂದು ಪಿಟಾಟ್ ಟ್ಯೂಬ್ ಕಟ್ಟಿಕೊಂಡು ವೇಗ ತಪ್ಪಾಗಿ ತೋರಿಸಿತ್ತು. ಹಾರುವ ಮೊದಲು ವಿಮಾನ ಎಷ್ಟೋ ದಿನ ನಿಂತೇ ಇತ್ತು, ಟ್ಯೂಬಿಗೆ ಕವರ್ ಹಾಕಿರಲಿಲ್ಲ. ಹುಳದ ಗೂಡು ಇರಬೇಕು ಅಂತ ತನಿಖೆಯವರು ಶಂಕಿಸಿದರು. ವಿಮಾನ ನಿಲ್ಲಿಸಿದ ಮೇಲೆ ಕವರ್ ಹಾಕುವುದು, ಹಾರುವ ಮೊದಲು ತೆಗೆಯುವುದು, ಎರಡೂ ಒಂದು ನಿಮಿಷದ ಕೆಲಸ. ಕವರಿಗೆ ಕೆಂಪು ಪಟ್ಟಿ ಇರುವುದೇ ಮರೆಯಬಾರದು ಅಂತ.

ಹಕ್ಕಿ ಬಡಿದ ವಿಮಾನ ಬಂದಾಗ ಅಂಟಿಕೊಂಡ ಪುಕ್ಕ, ರಕ್ತ ಒರೆಸಿ ಬಿಸಾಡಬೇಡಿ. ಅದನ್ನು ತೆಗೆದಿಟ್ಟರೆ ಯಾವ ಹಕ್ಕಿ ಅಂತ ಗೊತ್ತಾಗುತ್ತದೆ. 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಗೆ ಇಳಿದ ವಿಮಾನದ ಎಂಜಿನಿನೊಳಗೆ ಹೋಗಿದ್ದು ಕೆನಡಾ ಹೆಬ್ಬಾತುಗಳು ಅಂತ ಹಾಗೇ ಗುರುತಿಸಿದ್ದು. ಹಕ್ಕಿ ಯಾವುದು ಅಂತ ಗೊತ್ತಾದರೆ ಅದು ಯಾಕೆ ಬರುತ್ತದೆ ಅಂತ ಗೊತ್ತಾಗುತ್ತದೆ. ಯಲಹಂಕದಲ್ಲಿ ಏರ್ ಶೋ ಬಂದಾಗ ಸುತ್ತಮುತ್ತ ಮಾಂಸದಂಗಡಿ ಮುಚ್ಚಿಸುತ್ತಾರಲ್ಲ, ಅದರ ಹಿಂದಿನ ಕಾರಣವೂ ಹದ್ದುಗಳೇ.

ಲಾಗ್‌ಬುಕ್, ಲೈಸೆನ್ಸ್, ಅದಾದ ಮೇಲೆ

ಅನುಮತಿ ಇರುವ ಕೋರ್ಸ್ ಮುಗಿಸಿದವರಿಗೆ ಬಿ1.1 ಅಥವಾ ಬಿ2 ಲೈಸೆನ್ಸಿಗೆ, ಹಾರುತ್ತಿರುವ ವಿಮಾನಗಳ ಮೇಲೆ 2 ವರ್ಷ ಕೆಲಸದ ಅನುಭವ ಬೇಕು. ಇಂಥ ತರಬೇತಿ ಇಲ್ಲದೆ ಬಂದವರಿಗೆ 5 ವರ್ಷ. ಮಾಡಿದ ಕೆಲಸವನ್ನು ಅವತ್ತೇ ಲಾಗ್‌ಬುಕ್ಕಿನಲ್ಲಿ ಬರೆಯಿರಿ, ಅವತ್ತೇ ಸಹಿ ಮಾಡಿಸಿ. "ವಾರದ ಕೊನೆಗೆ ಒಟ್ಟಿಗೆ ಮಾಡಿಸ್ತೀನಿ" ಅಂದವರ ಸೀನಿಯರ್ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿರುತ್ತಾರೆ. ಟೈರ್ ಬದಲಾಯಿಸುವುದನ್ನೇ ನಲವತ್ತು ಸಲ ಬರೆದರೆ ಪ್ರಯೋಜನವಿಲ್ಲ, ಬೇರೆ ಬೇರೆ ಸಿಸ್ಟಮ್‌ನ ಕೆಲಸ ಕೇಳಿ ಪಡೆಯಿರಿ.

ಲೈಸೆನ್ಸ್ ಕೈಗೆ ಬಂದ ದಿನ ಎಲ್ಲಾ ಮುಗಿಯಿತು ಅಂದುಕೊಳ್ಳಬೇಡಿ. ದೊಡ್ಡ ವಿಮಾನಕ್ಕೆ ಸಹಿ ಹಾಕಲು ಆ ಮಾದರಿಯ ಟೈಪ್ ಟ್ರೈನಿಂಗ್ ಬೇಕು. ಎ320ಗೆ ಬೇರೆ, ಬೋಯಿಂಗ್ 737ಗೆ ಬೇರೆ. ಕಂಪನಿಯೇ ಕಳಿಸಿದರೆ ಸಾಮಾನ್ಯವಾಗಿ ಬಾಂಡ್ ಬರೆಸಿಕೊಳ್ಳುತ್ತದೆ. ಬಾಂಡಿನಲ್ಲಿ ಎಷ್ಟು ವರ್ಷ, ಬಿಟ್ಟರೆ ಎಷ್ಟು ಹಣ ಅಂತ ಓದಿ ಸಹಿ ಮಾಡಿ. ಅಲ್ಲಿಯವರೆಗೆ ಟೆಕ್ನಿಷಿಯನ್ ಆಗಿ, ಟ್ರೈನಿ ಆಗಿ ದುಡಿಯುವುದು ಇದ್ದದ್ದೇ. ಬೆಂಗಳೂರು ವಿಮಾನ ನಿಲ್ದಾಣ, ಪಕ್ಕದ ಹೊಸೂರು, ಹೈದರಾಬಾದ್, ನಾಗಪುರ, ಎಲ್ಲಾ ಕಡೆ ಹ್ಯಾಂಗರ್‌ಗಳಿವೆ. ಊರು ಬಿಡಲು ಒಲ್ಲೆ ಅನ್ನುವವರಿಗೆ ಕಷ್ಟ. ಗಲ್ಫಿಗೆ ಹೋಗುವ ಆಸೆ ಇದ್ದರೆ ಆಯಾ ದೇಶದ ಲೈಸೆನ್ಸ್ ನಿಯಮ ಬೇರೆ ಇರುತ್ತದೆ ಅಂತ ತಿಳಿದಿರಲಿ.

ಮೊದಲ ದಿನ ಹ್ಯಾಂಗರ್‌ಗೆ ಹೋಗುವಾಗ ಉಂಗುರ, ಕೈಯ ದಾರ, ಕೊರಳ ಚೈನ್ ಮನೆಯಲ್ಲಿ ಬಿಡಿ. ದೇವಸ್ಥಾನದ ದಾರ ಅಂತ ಅಮ್ಮ ಬೈದರೆ ಜೇಬಿನಲ್ಲಿಟ್ಟುಕೊಳ್ಳುತ್ತೇನೆ ಅನ್ನಬೇಡಿ, ಜೇಬಿನಿಂದ ಬಿದ್ದದ್ದೂ ಎಂಜಿನಿನೊಳಗೆ ಹೋಗುತ್ತದೆ. ಪರ್ಸಿನಲ್ಲಿಟ್ಟು ಲಾಕರ್‌ನಲ್ಲಿ ಬಿಡಿ. ಸಂಜೆ ಹೊರಡುವ ಮೊದಲು ಟೂಲ್ ಎಣಿಸಿ. ಒಂದು ಸ್ಕ್ರೂಡ್ರೈವರ್ ಕಡಿಮೆ ಬಂದರೆ, ಅದು ಸಿಗುವವರೆಗೆ ಆ ವಿಮಾನ ಹೊರಡುವುದಿಲ್ಲ, ನೀವೂ ಹೊರಡುವುದಿಲ್ಲ.

ಈ ವರ್ಷ ಫೋನ್ ಮಾಡಿದ್ದ ಚಿಕ್ಕಮ್ಮನ ಮಗಳಿಗೆ ಇಷ್ಟೆಲ್ಲಾ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: "ಅದೆಲ್ಲಾ ಸರಿ ಅಣ್ಣಾ, ದೀಪಾವಳಿಗೆ ರಜ ಕೊಡ್ತಾರಾ?"

"ಕಷ್ಟ ಕಣಮ್ಮ" ಅಂದೆ. "ಎಲ್ಲರೂ ಊರಿಗೆ ಹೋಗೋದು ಆವಾಗಲೇ ಅಲ್ವಾ, ವಿಮಾನ ಜಾಸ್ತಿ ಇರುತ್ತೆ."